ಎದುರುಬಿದ್ದವನ ಕಾರ್ಡು

ಶವಪೆಟ್ಟಿಗೆಯ ಮೇಲೆ ಕೋಳಿಮರಿ ಬಿಡಬೇಕೋ ಬೇಡವೋ ಎಂಬ ಜಗಳ ಎಡ್ಮಾರನ ಹೆಣ ಮನೆಗೆ ಬರುವ ಮೊದಲೇ ಶುರುವಾಗಿತ್ತು.

ಕಾಯಿಲೆಯಿಂದ ಸತ್ತವರಿಗೆ, ವಯಸ್ಸಾಗಿ ಸತ್ತವರಿಗೆ ನಮ್ಮಲ್ಲಿ ಮರಿ ಬಿಡುವುದಿಲ್ಲ. ಯಾರಾದರೂ ಕೊಂದಿದ್ದರೆ ಮಾತ್ರ ಬಿಡುತ್ತೇವೆ. ಪೆಟ್ಟಿಗೆಯ ಗಾಜಿನ ಮೇಲೆ ನಾಲ್ಕು ಅಕ್ಕಿಕಾಳು ಚೆಲ್ಲಿ ಮರಿಯನ್ನು ಇಟ್ಟರೆ ಅದು ಟಕ್ ಟಕ್ ಎಂದು ಕುಕ್ಕುತ್ತದೆ. ಒಂದೊಂದು ಕುಕ್ಕೂ ಕೊಂದವನ ಎದೆಗೆ ಹೋಗಿ ತಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ತಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಮರಿ ಕಂಡರೆ ಆ ಮನೆಯವರು ಇದನ್ನು ಕೊಲೆ ಎನ್ನುತ್ತಿದ್ದಾರೆ ಎಂದು ಓಣಿಗೆಲ್ಲ ತಿಳಿಯುತ್ತದೆ.

"ಮರಿಗಿರಿ ಏನೂ ಬೇಡ," ಎಂದ ಎಡ್ಮಾರನ ಅಪ್ಪ ಡೆಲ್ಫಿನ್.

"ಯಾಕೆ ಬೇಡ?" ಡೆಲ್ಫಿನ್‌ನ ಹೆಂಡತಿ ಲೀತಾ ಅಳುವುದನ್ನು ನಿಲ್ಲಿಸಿ ಕೇಳಿದಳು.

"ಪೊಲೀಸರ ಕಾಗದ ನೀನೂ ಓದಿದ್ಯಲ್ಲ. ಎದುರುಬಿದ್ದ ಅಂತಿದೆ. ಎದುರುಬಿದ್ದೋನನ್ನ ಯಾರೂ ಕೊಂದ ಹಾಗಾಗಲ್ಲ."

"ನಿನ್ನ ಮಗ ಎದುರುಬಿದ್ನಾ? ಜಿರಲೆ ಕಂಡ್ರೆ ಕುರ್ಚಿ ಹತ್ತೋನು, ಮೂರು ಜನ ಪೊಲೀಸರ ಮೇಲೆ ಬಿದ್ನಾ?"

ನನ್ನ ಅಂಗಡಿಗೂ ಅವರ ಮನೆಗೂ ನಡುವೆ ಇರುವುದು ನಾಲ್ಕಡಿ ಓಣಿ. ಎರಡೂ ಕಡೆ ಪ್ಲೈವುಡ್ ಗೋಡೆ. ಮನಿಲಾದ ಮೀನುಬಂದರಿನ ಹಿಂಬದಿಯಲ್ಲಿ ಗುಟ್ಟು ಎನ್ನುವುದು ಯಾರಿಗೂ ಇಲ್ಲ, ಇದ್ದರೆ ಅದು ನನ್ನಂಥ ಅಂಗಡಿಯವಳ ಹತ್ತಿರ ಮಾತ್ರ. ನನ್ನ ಹೆಸರು ಉರ್ಸಿಂಗ್. ಸೋಪು, ವಿನೆಗರ್, ನೂಡಲ್ಸ್, ಶೂ ಲೇಸು ಮಾರುತ್ತೇನೆ.

ಡೆಲ್ಫಿನ್ ನಮ್ಮ ಓಣಿಯ ಕಾವಲುಗಾರ. ಕ್ಯಾಪ್ಟನ್ ಎಂದು ನಾವು ಕರೆಯುವ ವಾರ್ಡಿನ ಮುಖ್ಯಸ್ಥನ ಕೈಕೆಳಗೆ ಹದಿನಾಲ್ಕು ವರ್ಷದಿಂದ ಇದ್ದಾನೆ. ನೀಲಿ ವೇಸ್ಟ್‌ಕೋಟು, ಒಂದು ಸೀಟಿ, ಒಂದು ದೊಣ್ಣೆ. ಬಂದೂಕಿಲ್ಲ. ಬಂದೂಕಿಲ್ಲದವನಿಗೆ ನಿಯಮದ ಮೇಲೆ ಎಷ್ಟು ನಂಬಿಕೆ ಇರುತ್ತದೋ ಅಷ್ಟೂ ಅವನಿಗಿತ್ತು. ಓಣಿಯ ಪ್ರತಿಯೊಬ್ಬರಿಗೂ ವಾರ್ಡಿನ ಗುರುತಿನ ಕಾರ್ಡು ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ ತಂದುಕೊಟ್ಟವನು ಅವನೇ. ಕೊಡುವಾಗ ಒಂದೇ ಪಾಠ ಹೇಳುತ್ತಿದ್ದ: "ಪೊಲೀಸ್ ಎದುರಿಗೆ ಬಂದ್ರೆ ಓಡಬಾರ್ದು. ವಾದ ಮಾಡಬಾರ್ದು. ಅವರು ಕೇಳೋ ಮುಂಚೆನೇ ಕಾರ್ಡು ತೆಗೆದು ತೋರಿಸ್ಬೇಕು. ಕಾರ್ಡು ಇದ್ದೋನಿಗೆ ಭಯ ಇಲ್ಲ."

ಈ ಪಾಠ ಮನೆಯಲ್ಲಿ ದಿನದ ತಮಾಷೆಯಾಗಿತ್ತು. ಊಟಕ್ಕೆ ಕೂತಾಗ ಎಡ್ಮಾರ್ ಚಮಚ ಎತ್ತಿ ಹಿಡಿದು "ಇಲ್ಲಿದೆ ಸರ್, ಕಾರ್ಡು ಇಲ್ಲಿದೆ ಸರ್" ಎನ್ನುತ್ತ ಅಪ್ಪನ ತಟ್ಟೆಯ ಮೀನನ್ನು ತನ್ನ ತಟ್ಟೆಗೆ ಎಳೆದುಕೊಳ್ಳುತ್ತಿದ್ದ. ಇಪ್ಪತ್ತಮೂರು ವರ್ಷದವನು, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ, ನಗು ಮಾತ್ರ ಎಂಟು ವರ್ಷದವನದು.

ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಪೊಲೀಸರು ಬೇರೆ ಯಾರನ್ನೋ ಹುಡುಕಿಕೊಂಡು ಬಂದರು. ಎಡ್ಮಾರ್ ರಬ್ಬರ್ ಬೂಟು ಹಾಕಿಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಲಸದಿಂದ ಬರುತ್ತಿದ್ದ. ನನ್ನ ಅಂಗಡಿಯ ಎದುರಿಗೇ ಅವರಿಗೆ ಸಿಕ್ಕಿದ. ಎರಡು ಗುಂಡು. ಸೊಂಟದ ಚೀಲದಿಂದ ಬಂದೂಕು ತೆಗೆದ ಎಂದು ಅವರು ಬರೆದುಕೊಂಡರು. ಕೊನೆಯಲ್ಲಿ ಒಂದೇ ಪದ: ನನ್ಲಬಾನ್, ಎದುರುಬಿದ್ದ. ಆ ಪದ ಬಿದ್ದಮೇಲೆ ಯಾರನ್ನೂ ಯಾರೂ ಏನೂ ಕೇಳುವಂತಿಲ್ಲ. ನನ್ನನ್ನು ಕೇಳಿದವರಿಗೆ "ನಾನು ಕಿಟಕಿ ಹಲಗೆ ಎಳ್ಕೊಂಡಿದ್ದೆ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮರಿಯ ಜಗಳವನ್ನು ಮುಗಿಸಿದ್ದು ಡೆಲ್ಫಿನ್‌ನ ತಾಯಿ ಪಾಸಿಂಗ್ ಅಜ್ಜಿ. ಯಾರಿಗೂ ಹೇಳದೆ ಶಾಲೆಯ ಗೇಟಿನ ಹತ್ತಿರ ಹೋಗಿ, ಮಕ್ಕಳಿಗೆಂದು ಬಣ್ಣ ಹಾಕಿ ಮಾರುತ್ತಾರಲ್ಲ, ಅಂಥದೊಂದು ಮರಿಯನ್ನು ತಂದಳು. ಪಚ್ಚೆ ಹಸಿರು.

"ಇದೇನಜ್ಜಿ, ಹಸಿರು?" ಎಡ್ಮಾರನ ತಂಗಿ ಮೈಲೀನ್ ಅಳುತ್ತಲೇ ಕೇಳಿದಳು.

"ಗುಲಾಬಿದೂ ಇತ್ತು. ಗಂಡು ಹುಡುಗನಿಗೆ ಗುಲಾಬಿ ತರ್ಲಾ?"

"ಅಮ್ಮ, ನಾಳೆ ಕ್ಯಾಪ್ಟನ್ ಬರ್ತಾರೆ," ಎಂದ ಡೆಲ್ಫಿನ್.

"ಬರ್ಲಿ. ಬಿಸ್ಕತ್ತಿದೆ, ಕಾಫಿ ಇದೆ, ಮರೀನೂ ಇದೆ."

ಮಾರನೆಯ ದಿನ ಕ್ಯಾಪ್ಟನ್ ಬಂದು ಟಾರ್ಪಾಲಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತ. ಗಾಜಿನ ಮೇಲೆ ಮರಿ ಓಡಾಡುತ್ತಿತ್ತು, ಅದರ ಕೆಳಗೆ ಎಡ್ಮಾರನ ಮುಖ. "ಮರಿ ಮುದ್ದಾಗಿದೆ," ಎಂದ ಕ್ಯಾಪ್ಟನ್.

"ಹುಡುಗನಿಗೆ ಕೋಳಿಮರಿ ಅಂದ್ರೆ ಇಷ್ಟ ಇತ್ತು ಸರ್, ಅದಕ್ಕೇ," ಎಂದ ಡೆಲ್ಫಿನ್. ಮರಿಯನ್ನು ತೆಗೆದು ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡ. ಅಜ್ಜಿ ಎದ್ದು ಬಂದು, ಎಲ್ಲರೆದುರು ಮಗನ ಜೇಬಿಗೆ ಕೈಹಾಕಿ, ಮರಿಯನ್ನು ಮತ್ತೆ ಗಾಜಿನ ಮೇಲಿಟ್ಟಳು. ಯಾರೂ ನಗಲಿಲ್ಲ.

ಮಣ್ಣಾಯಿತು. ಒಂಬತ್ತು ದಿನದ ಪ್ರಾರ್ಥನೆಯೂ ಮುಗಿಯಿತು. ಮರಿ ಮನೆಯಲ್ಲೇ ಉಳಿಯಿತು, ಬಚ್ಚಲ ಪಕ್ಕದ ಚಪ್ಪಲಿ ಡಬ್ಬಿಯಲ್ಲಿ. ಬಣ್ಣದ ಮರಿಗಳು ವಾರ ಬದುಕಿದರೆ ಹೆಚ್ಚು. ಇದು ಗಟ್ಟಿಪಿಂಡ, ಬದುಕಿತು.

ಲೀತಾ ಬಂದರಿನಲ್ಲಿ ಮೀನು ಸೀಳುವ ಕೆಲಸಕ್ಕೆ ಮರಳಿದಳು. ಬೆಳಿಗ್ಗೆ ಅನ್ನಕ್ಕಿಟ್ಟು, ಒಣಮೀನು ಹುರಿದು, ಐದು ತಟ್ಟೆ ಹಾಕುತ್ತಿದ್ದಳು. ನಾಲ್ಕು ಜನ ಉಣ್ಣುತ್ತಿದ್ದರು. ಎಲ್ಲರ ಬಟ್ಟೆ ಒಗೆಯುವಳು, ಗಂಡನ ನೀಲಿ ವೇಸ್ಟ್‌ಕೋಟನ್ನು ಮಾತ್ರ ಬಕೆಟ್ಟಿನಿಂದ ತೆಗೆದು ಕಲ್ಲಿನ ಮೇಲೆ ಹಾಗೇ ಬಿಡುವಳು. 

"ಇದೇನು, ಬಿಟ್ಟುಹೋಯ್ತಾ?" ಎಂದು ಡೆಲ್ಫಿನ್ ಕೇಳಿದ.

"ಬಿಟ್ಟುಹೋಗ್ಲಿಲ್ಲ, ಬಿಟ್ಟೆ."

"ಇದರಿಂದಲೇ ಈ ಮನೆ ನಡೀತಿರೋದು."

"ಹಾಗಾದ್ರೆ ಮನೆ ನಡೆಸೋನೇ ಒಗೀಲಿ."

ಅವನು ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತಾನೇ ಒಗೆದ. ಸೋಪು ನನ್ನ ಅಂಗಡಿಯದೇ. ಓಣಿಯ ಹೆಂಗಸರು ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ಎರಡು ಸಲ ಜಾಲಿಸಿ, ಜಾಡಿಸಿ ಹರಡಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಮರಿಗೂ ಅವನಿಗೂ ಏನು ಋಣವೋ. ಅವನು ಊಟಕ್ಕೆ ಕೂತ ಕೂಡಲೇ ಡಬ್ಬಿಯಿಂದ ಹಾರಿಬಂದು ಅವನ ಕಾಲ್ಬೆರಳನ್ನೇ ಕುಕ್ಕುತ್ತಿತ್ತು. ಉಣ್ಣುವಾಗ ಅನ್ನ ಚೆಲ್ಲುವುದು ಅವನ ಹಳೇ ಚಾಳಿ, ಅದೇ ಕಾರಣವಿರಬೇಕು. ಆದರೆ ಅಜ್ಜಿ ಸುಮ್ಮನಿರುವವಳಲ್ಲ.

"ಮೂರು ಜನರ ಕಾಲು ಬಿಟ್ಟು ನಿನ್ನ ಕಾಲಿಗೇ ಯಾಕೆ ಬರುತ್ತೋ?"

"ನಾನು ಅನ್ನ ಚೆಲ್ತೀನಿ, ಅದಕ್ಕೆ."

"ಹೂಂ, ಚೆಲ್ತೀಯ."

"ಅಜ್ಜಿ, ಸಾಕು," ಎಂದಳು ಮೈಲೀನ್. ಬ್ರೆಡ್ಡಿನ ಅಂಗಡಿಯಲ್ಲಿ ಬೆಳಗಿನ ಪಾಳಿ ಅವಳದು. ಮನೆಗೆ ಬಿಸಿ ಬನ್ನು ತರುತ್ತಿದ್ದಳು, ಮೂವರ ನಡುವೆ ಕೂತು ಬನ್ನಿನ ಜೊತೆ ಇವರ ಜಗಳವನ್ನೂ ನುಂಗುತ್ತಿದ್ದಳು. ಒಂದು ದಿನ ಅವಳಿಗೂ ತಡೆಯಲಾಗಲಿಲ್ಲ.

"ಅಪ್ಪ, ಅಣ್ಣ ಎದುರುಬಿದ್ದ ಅಂತ ನೀನು ನಿಜವಾಗ್ಲೂ ನಂಬ್ತೀಯಾ?"

ಡೆಲ್ಫಿನ್ ಹೆಸರುಕಾಳಿನ ಸಾರು ಕಲಸುತ್ತಲೇ ಹೇಳಿದ. "ನಾನು ಹೇಳ್ಕೊಟ್ಟ ಹಾಗೆ ಮಾಡಿದ್ರೆ ಅವನು ಬದುಕಿರ್ತಿದ್ದ."

"ನಾನು ಕೇಳಿದ್ದು ಅದಲ್ಲ."

"ನಾನು ಹೇಳ್ತಿರೋದು ಅದೇ. ಸತ್ತ ಅಂದ್ಮೇಲೆ ಹಾಗೆ ಮಾಡ್ಲಿಲ್ಲ. ಓಡೋಕೆ ಹೋಗಿರ್ಬೇಕು. ಬಾಯಿ ಮಾಡಿರ್ಬೇಕು. ಇಪ್ಪತ್ಮೂರು ವರ್ಷಕ್ಕೆ ತನ್ನ ಜವಾಬ್ದಾರಿ ತನಗೆ ಗೊತ್ತಿರ್ಬೇಕು."

"ಮಾತು ಕ್ಯಾಪ್ಟನ್‌ದು," ಲೀತಾ ಎದ್ದು ತನ್ನ ತಟ್ಟೆ ತೊಳೆಯಲು ಹೋದಳು. "ಬಾಯಿ ಮಾತ್ರ ನಿಂದು."

ಮೂರನೆಯ ವಾರ ಕ್ಯಾಪ್ಟನ್ ಒಂದು ಕಾಗದ ಕಳಿಸಿದ. ಮಗ ಎದುರುಬಿದ್ದದ್ದು ನಿಜ, ಯಾರ ಮೇಲೂ ನಮ್ಮ ದೂರಿಲ್ಲ, ಇಷ್ಟಕ್ಕೇ ಮುಗಿಯಿತು ಎಂದು ತಂದೆ ಸಹಿ ಮಾಡಬೇಕು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿಕೊಂಡೇ ಬಾ, ಅವಸರವಿಲ್ಲ ಎಂದು ಹೇಳಿಕಳಿಸಿದ್ದ. ಒಳ್ಳೆಯ ಮಾತಿನಲ್ಲಿ ಹೇಳಿದ್ದಕ್ಕೇ ಭಯವಾಗುವಂತಿತ್ತು. ಡೆಲ್ಫಿನ್ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ಅದರ ಮೇಲೆ ಪಾವು ಇಟ್ಟ. ಅಂದಿನಿಂದ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಲೀತಾ ಆ ಕಾಗದ ಎತ್ತಿ ಪಕ್ಕಕ್ಕಿಡಬೇಕು, ಮತ್ತೆ ಇಡಬೇಕು. ತಾನು ಹರಿದುಹಾಕಲಿಲ್ಲ. ಅವನೇ ಹರಿಯಬೇಕು ಎಂದು ಅವಳ ಹಟ. 

ಅವಳು ಚರ್ಚಿನ ವಕೀಲರನ್ನು ಕಂಡುಬಂದಳು. ದೂರು ಕೊಡಬಹುದು, ಆದರೆ ತಂದೆ ಆ ಕಾಗದಕ್ಕೆ ಸಹಿ ಹಾಕಬಾರದು, ಜೊತೆಗೆ ಕಣ್ಣಾರೆ ಕಂಡವರೋ ಕಿವಿಯಾರೆ ಕೇಳಿದವರೋ ಒಬ್ಬರು ಬೇಕು ಎಂದಿದ್ದರಂತೆ. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದಳು.

"ಒಂದು ಸಣ್ಣ ವಿನೆಗರ್ ಕೊಡು ಉರ್ಸಿಂಗ್." ಕೊಟ್ಟೆ. ಅವಳು ಹೋಗಲಿಲ್ಲ. "ನಿನ್ನ ಕಿಟಕಿ ಎದುರಿಗೇ ಆಗಿದ್ದು."

"ಹಲಗೆ ಎಳ್ಕೊಂಡಿದ್ದೆ ಲೀತಾ. ಏನೂ ಕಾಣಿಸ್ಲಿಲ್ಲ."

"ಕಿವಿಗೂ ಹಲಗೆ ಇತ್ತಾ?"

ನಾನು ಸೋಪಿನ ಡಬ್ಬ ಸರಿಸಿ, ಒರೆಸಿ, ಅಲ್ಲೇ ಇಟ್ಟೆ. ಆ ಡಬ್ಬದ ಕೆಳಗೆ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ವಿನೆಗರ್ ತೆಗೆದುಕೊಂಡು ಹೋದಳು. ಆಮೇಲೆ ಎರಡು ವಾರ ದೂರದ ಅಂಗಡಿಯಿಂದ ಸಾಮಾನು ತಂದಳು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು, ಆದರೂ ದಿನಾ ಬೆಳಿಗ್ಗೆ ಹಲಗೆ ತೆಗೆದು ವ್ಯಾಪಾರ ಮಾಡಿದೆ.

ನಲವತ್ತನೆಯ ದಿನ ಬಂತು. ಆ ದಿನ ಸತ್ತವನು ಮನೆ ಬಿಟ್ಟು ಮೇಲೆ ಹೋಗುತ್ತಾನೆ ಎನ್ನುತ್ತೇವೆ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಹುಣಸೆಹುಳಿಯ ಮೀನುಸಾರು, ಹುರಿದ ನೂಡಲ್ಸು. ಓಣಿಯವರೆಲ್ಲ ಉಂಡು ಎದ್ದರು. ಹೆಂಗಸರು ಪಾತ್ರೆ ತೊಳೆಯಲು ನಿಂತರು, ಕೊನೆಗೆ ಉಳಿದದ್ದು ಲೀತಾ, ಮೈಲೀನ್, ನಾನು. ಅಜ್ಜಿ ಬಾಗಿಲಲ್ಲಿ ಕೂತು ಮರಿಗೆ ಅನ್ನ ಹಾಕುತ್ತಿದ್ದಳು. ಮರಿಯ ಮೈ ಬಿಳಿಯಾಗಿತ್ತು, ಒಂದು ರೆಕ್ಕೆಯ ತುದಿಯಲ್ಲಿ ಮಾತ್ರ ಹಸಿರು ಉಳಿದಿತ್ತು.

ನಾನು ಅಂಗಿಯೊಳಗಿಂದ ಕಾರ್ಡು ತೆಗೆದು ತೊಳೆದ ತಟ್ಟೆಗಳ ಮೇಲಿಟ್ಟೆ.

ಎಡ್ಮಾರನ ಕಾರ್ಡು. ಪ್ಲಾಸ್ಟಿಕ್ಕಿನ ಒಂದು ಮೂಲೆ ಸೀಳಿತ್ತು. ಫೋಟೋದಲ್ಲಿ ನಗು ತಡೆದುಕೊಂಡು ಕೂತಿದ್ದ.

"ಎಲ್ಲಿ ಸಿಕ್ತು?" ಎಂದಳು ಲೀತಾ.

"ಅವತ್ತು ಅವನನ್ನ ತಗೊಂಡು ಹೋದ್ಮೇಲೆ ಓಣಿ ತೊಳೀರಿ ಅಂದ್ರು. ನಾನು ನೀರು ಹೊಯ್ದೆ. ನೀರಿನ ಜೊತೆ ಹರಿದುಬಂದು ಚರಂಡಿ ಕಲ್ಲಿಗೆ ಸಿಕ್ಕಿಹಾಕ್ಕೊಂಡಿತ್ತು. ಸೊಂಟದ ಚೀಲದಲ್ಲಿ ಇರ್ಲಿಲ್ಲ ಇದು. ಕೈಯಲ್ಲಿತ್ತು."

"ನಲವತ್ತು ದಿನ ಇಟ್ಕೊಂಡಿದ್ದೆ," ಎಂದಳು ಮೈಲೀನ್.

"ಹೂಂ."

"ಏನು ಕೇಳಿಸ್ತು ಅದನ್ನ ಹೇಳು," ಎಂದಳು ಲೀತಾ.

"ಹಲಗೆ ಎಳೆಯೋವಾಗ ಕೇಳಿಸ್ತು. ಇಲ್ಲಿದೆ ಸರ್, ಕಾರ್ಡು ಇಲ್ಲಿದೆ ಸರ್ ಅಂದ. ಆಮೇಲೆ ಗುಂಡು."

ಹಿಂದೆ ಡೆಲ್ಫಿನ್ ನಿಂತಿದ್ದ. ಕುರ್ಚಿಗಳನ್ನು ಹಿಂದಿರುಗಿಸಿ ಯಾವಾಗ ಬಂದನೋ ನಾವು ನೋಡಿರಲಿಲ್ಲ. ಅವನು ಬೇರೇನೂ ಕೇಳಲಿಲ್ಲ.

"ಅವರು ಕಾರ್ಡು ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ನಲವತ್ತು ದಿನ ಸುಮ್ಮನಿದ್ದವಳಿಗೆ ಇನ್ನೊಂದು ಸುಳ್ಳು ಭಾರವಾಗುತ್ತಿರಲಿಲ್ಲ. "ಇಲ್ಲ. ನಿಲ್ಲು ಅಂದ್ರು ಅಷ್ಟೇ. ಹಲಗೆ ಸಂದಿಯಿಂದ ಕಂಡೆ, ಅವರು ಕೇಳೋ ಮುಂಚೆನೇ ಚೀಲಕ್ಕೆ ಕೈ ಹಾಕ್ದ."

"ಮುಂಚೆನೇ."

"ಹೂಂ. ಮುಂಚೆನೇ."

ಡೆಲ್ಫಿನ್ ಅಕ್ಕಿ ಡಬ್ಬದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಲೀತಾ ತನ್ನ ಹಳೇ ಅಂಗಿಗೆ ಕೈ ಒರೆಸಿಕೊಂಡು ಆ ಕಾಗದ ತಂದು ಅವನ ಮುಂದೆ ಹಿಡಿದಳು. ಅವಳ ದನಿ ಆರು ವಾರದಲ್ಲಿ ಮೊದಲ ಸಲ ಮೆತ್ತಗಿತ್ತು.

"ಈಗ ಗೊತ್ತಾಯ್ತಲ್ಲ. ಹರಿ ಇದನ್ನ."

"ಹರಿದ್ರೆ ಅವನು ಎದುರುಬೀಳ್ಲಿಲ್ಲ ಅಂತಾಗುತ್ತೆ."

"ಬೀಳ್ಲಿಲ್ಲ ಕಣೋ. ಕೇಳಿಸ್ಕೊಂಡ್ಯಲ್ಲ."

"ಹಾಗಾದ್ರೆ ನಾನು ಹೇಳಿದ ಹಾಗೆ ಮಾಡ್ದ." ಅವನು ಕಾರ್ಡಿನ ಕಡೆ ನೋಡಲಿಲ್ಲ. "ಒಂದಕ್ಷರ ತಪ್ಪದ ಹಾಗೆ ಮಾಡ್ದ."

ಮರಿ ಒಳಗೆ ಬಂದು ಅವನ ಹೆಬ್ಬೆರಳನ್ನು ಕುಕ್ಕತೊಡಗಿತು. ಅವನು ಕಾಲು ಎಳೆದುಕೊಳ್ಳಲಿಲ್ಲ. ಅಜ್ಜಿಯೇ ಬಂದು ಅದನ್ನು ಎತ್ತಿಕೊಂಡಳು. ಆಡುವ ಮಾತೆಲ್ಲ ತಮಾಷೆಗೆ ಆಡಿ ಮುಗಿಸಿದ್ದಳು.

"ಗುಂಡು ಹಾರಿಸಿದ್ದು ನೀನಲ್ಲ," ಎಂದಳು ಲೀತಾ. "ಕೊಂದೋರು ಮೂರು ಜನ ಇದಾರೆ, ಅವರಿಗೆ ಹೆಸರಿದೆ. ಅವರ ಪಾಪ ನೀನ್ಯಾಕೆ ಹೊತ್ಕೋತೀಯ?"

"ಚೀಲಕ್ಕೆ ಕೈ ಹಾಕು ಅಂತ ಹೇಳಿದ್ದು ಅವರಲ್ಲ."

ಲೀತಾ ನನ್ನ ಕಡೆ ತಿರುಗಿದಳು. "ನೀನು ವಕೀಲರ ಮುಂದೆ ಹೇಳ್ತೀಯಾ, ಈಗ ಹೇಳಿದ್ದನ್ನ?"

ನಾನು ಉತ್ತರ ಯೋಚಿಸಿಕೊಂಡೇ ಬಂದಿದ್ದೆ. ಅದೇ ನಾಚಿಕೆಗೇಡು. "ನಂಗೆ ಅದೊಂದೇ ಅಂಗಡಿ ಲೀತಾ. ಒಂಟಿ ಹೆಂಗಸು. ಪೊಲೀಸರಿಗೆ ದಾರಿ ಗೊತ್ತು. ನಾಳೆ ನಂಗೂ ಅದೇ ಪದ ಬರೀತಾರೆ."

"ಹಾಗಾದ್ರೆ ಯಾಕೆ ತಂದುಕೊಟ್ಟೆ?"

"ಇಟ್ಕೊಳ್ಳೋಕಾಗ್ಲಿಲ್ಲ."

"ಹೇಳೋಕೂ ಆಗಲ್ಲ, ಇಟ್ಕೊಳ್ಳೋಕೂ ಆಗಲ್ಲ," ಎಂದಳು ಅವಳು. "ನಿನ್ನ ಭಾರ ಇಳಿಸ್ಕೊಂಡು ನಮ್ಮನೇಲಿ ಇಟ್ಟುಹೋಗೋಕೆ ಬಂದೆ." ತೊಳೆಯಲು ಇನ್ನೆರಡು ಬೋಗುಣಿ ಉಳಿದಿದ್ದವು, ತೊಳೆದಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಡೆಲ್ಫಿನ್ ಒಗೆದ ವೇಸ್ಟ್‌ಕೋಟು ತೊಟ್ಟು, ಕಾಗದ ಮಡಚಿಕೊಂಡು ಕ್ಯಾಪ್ಟನ್‌ನ ಕಚೇರಿಗೆ ಹೋದ. ತಡೆಯಲು ಮೈಲೀನ್ ಬ್ರೆಡ್ಡಿನ ಅಂಗಡಿಯಿಂದ ಅರ್ಧಕ್ಕೇ ಎದ್ದು ಓಡಿದ್ದಳಂತೆ. ವಾಪಸು ಬಂದು ನನ್ನ ಅಂಗಡಿಯ ಮುಂದೆ ನಿಂತು ಅಮ್ಮನಿಗೆ ಹೇಳಿದಳು. ನನಗೂ ಕೇಳಲಿ ಎಂದೇ ಅಲ್ಲಿ ನಿಂತಳೋ ಏನೋ.

"ಸಹಿ ಹಾಕ್ಬಿಟ್ಟ ಅಮ್ಮ. ಪೂರ್ತಿ ಹೆಸರು ಬರೆದ. ಕ್ಯಾಪ್ಟನ್ ಓದಿ ಹೇಳ್ಲಾ ಅಂದ್ರು. ಬೇಡ ಸರ್, ನಂಗೊತ್ತು, ಎದುರುಬಿದ್ದ ಅಂದ."

"ಕೈ ನಡುಗ್ತಾ?"

"ಇಲ್ಲ."

ಲೀತಾ ತಲೆಯಾಡಿಸಿ ಒಳಗೆ ಹೋದಳು. ಆ ಮಧ್ಯಾಹ್ನ ಅವಳು ನಾಲ್ಕೇ ತಟ್ಟೆ ಹಾಕಿದಳು. ತಟ್ಟೆಯ ಸದ್ದು ಎಣಿಸುವ ಅಭ್ಯಾಸ ನನಗೆ ಅಂಟಿಬಿಟ್ಟಿತ್ತು. ನಾಲ್ಕನೆಯದು ಎಡ್ಮಾರನಿಗೆ. ಡೆಲ್ಫಿನ್ ಬಂದು ನೋಡಿ, ತನ್ನ ತಟ್ಟೆ ತಾನೇ ತೆಗೆದು, ಅನ್ನ ಹಾಕಿಕೊಂಡು ಬಾಗಿಲ ಹೊರಗೆ ನಿಂತು ಉಂಡ.

ಊಟವಾದ ಮೇಲೆ ಅಜ್ಜಿ ಚಪ್ಪಲಿ ಡಬ್ಬಿ ಹಿಡಿದುಕೊಂಡು ಓಣಿ ದಾಟಿ ಬಂದಳು. ಡಬ್ಬಿಯನ್ನು ನನ್ನ ಕಿಟಕಿಯಲ್ಲಿಟ್ಟಳು.

"ಇದನ್ನ ನೀನೇ ಇಟ್ಕೊ. ನಮ್ಮನೇಲಿ ಇದರ ಕೆಲಸ ಮುಗೀತು."

"ಅಜ್ಜಿ, ನಾನೇನು ಮಾಡ್ಲಿ ಇದನ್ನ?"

"ಏನೂ ಮಾಡ್ಬೇಡ. ನಿಂಗೆ ಅದು ಚೆನ್ನಾಗಿ ಬರುತ್ತೆ."

ಮೂರು ದಿನ ಬಿಟ್ಟು ಡೆಲ್ಫಿನ್ ನನ್ನ ಅಂಗಡಿಗೆ ಬಂದ. ಕಾಲಕೆಳಗೆ ಮರಿ ಓಡಾಡುತ್ತಿತ್ತು, ಅವನ ಚಪ್ಪಲಿಯನ್ನು ಒಂದು ಸಲ ಕುಕ್ಕಿ ಅಕ್ಕಿಯ ಕಡೆ ಹೋಯಿತು. ಅವನು ಮುದುಕನಾಗಿಬಿಟ್ಟಿದ್ದ.

"ಶೂ ಲೇಸು ಎಷ್ಟಿದೆ?"

"ಒಂದು ಕಟ್ಟು ಪೂರ್ತಿ ಇದೆ. ಎಷ್ಟು ಬೇಕು?"

"ಎಲ್ಲ ಕೊಡು. ಒಂದು ಮೊಳೆನೂ ಕೊಡು, ತೂತು ಮಾಡೋಕೆ."

ಲೇಸುಗಳನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಮೊದಲನೆಯ ಮನೆಯಿಂದ ಶುರುಮಾಡಿದ. ಬಾಗಿಲಲ್ಲಿ ನಿಂತು ಕಾರ್ಡು ಇಸಿದುಕೊಳ್ಳುವುದು, ಮೊಳೆ ಕಾಯಿಸಿ ಮೇಲಿನ ಅಂಚಿನಲ್ಲಿ ತೂತು ಮಾಡುವುದು, ಲೇಸು ಪೋಣಿಸಿ ಅವರ ಕೊರಳಿಗೆ ಹಾಕುವುದು. "ಇನ್ಮೇಲೆ ಇದು ಇಲ್ಲೇ ಇರ್ಲಿ. ಪೊಲೀಸ್ ಬಂದ್ರೆ ಎರಡೂ ಕೈ ಮೇಲೆ. ಚೀಲಕ್ಕೆ ಹೋಗಬಾರ್ದು, ಜೇಬಿಗೆ ಹೋಗಬಾರ್ದು. ಅವರು ಕೇಳಿದ್ರೂ ಸರಿ, ಹೋಗಬಾರ್ದು."

ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಕಚೇರಿಯ ಕಾಗದದಲ್ಲಿ ಒಂದು ಬರೆದುಕೊಟ್ಟು ಬಂದವನು, ಇನ್ನೊಂದನ್ನು ಮನೆಮನೆಗೂ ಹೇಳುತ್ತ ಹೋಗುತ್ತಿದ್ದ. ನಾನೂ ಕೊರಳು ಬಗ್ಗಿಸಿ ಹಾಕಿಸಿಕೊಂಡೆ. ಮೈಲೀನ್ ಅಳುತ್ತ ಹಾಕಿಸಿಕೊಂಡು ಕೆಲಸಕ್ಕೆ ಹೋದಳು.

ತನ್ನ ಮನೆಗೆ ಬಂದಾಗ ಲೀತಾ ಹೊಸ್ತಿಲಲ್ಲಿ ಕೂತು ಸಣ್ಣ ಮೀನು ಆಯುತ್ತಿದ್ದಳು. ಡೆಲ್ಫಿನ್ ಒಂದು ಲೇಸು ತೆಗೆದ.

"ನಿನ್ನ ಕಾರ್ಡು ಕೊಡು."

ಅವಳು ತಲೆ ಎತ್ತಲಿಲ್ಲ. ಕೈ ಮೀನಿನಲ್ಲೇ ಇತ್ತು.

"ಎದುರುಬಿದ್ದೋನ ತಾಯಿಗೆ ಅದೆಲ್ಲ ಯಾಕೆ?"

ಅವಳು ಆಯ್ದ ಮೀನನ್ನು ತೊಳೆಯಲು ಎದ್ದು ಒಳಗೆ ಹೋದಳು. ಆಮೇಲೆ ಅವನು ಲೇಸನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದ.